ಲೇಕ್ ಕೋಮೋ ಮದುವೆಗೆ ನ್ಯೂಜೆರ್ಸಿಯಿಂದ ಕಮ್ಮಿ ರೇಟಲ್ಲಿ ಹೋಗಿದ್ದು: ನನ್ನ ಅನುಭವ

ಹೆಂಡ್ತಿ ತಂಗಿ ಮದುವೆ ಇಟಲಿಲಿ, ಲೇಕ್ ಕೋಮೋ ದಡದ ವರೆನ್ನಾ ಅನ್ನೋ ಪುಟ್ಟ ಊರಲ್ಲಿ, ಸೆಪ್ಟೆಂಬರ್‌ನ ಒಂದು ಶನಿವಾರ. ಹುಡುಗನ ಕಡೆಯವ್ರು ಮಿಲಾನ್‌ನವ್ರೇ, ಅವ್ರಿಗೆ ಹತ್ರದ ದಾರಿ. ನಾವು ನ್ಯೂಜೆರ್ಸಿಯಿಂದ ನಾಲ್ಕು ಜನ, ಅದ್ರಲ್ಲಿ ಇಬ್ರು ಮಕ್ಕಳು. ಟಿಕೆಟ್ ಜವಾಬ್ದಾರಿ ನನ್ ತಲೆಗೇ ಬಂತು. ಆಮೇಲೆ ನಮ್ಮ ಕಡೆ ಬೇರೆ ನೆಂಟರೂ ಒಬ್ಬೊಬ್ರಾಗಿ ಫೋನ್ ಮಾಡಿ ಕೇಳೋಕೆ ಶುರು ಮಾಡಿದ್ರು, ಅದಕ್ಕೆ ಎಲ್ಲಾ ಒಂದೇ ಕಡೆ ಬರೆದಿಟ್ಟಿದೀನಿ.

ನಾನು ಹಿಡಿದ ಲೆಕ್ಕ ಇಷ್ಟೇ, ಮೊದಲು ಅಟ್ಲಾಂಟಿಕ್ ದಾಟೋಕೆ ಎಲ್ಲಿಂದ ಎಲ್ಲಿಗೆ ಅಗ್ಗ ಅಂತ ನೋಡೋದು, ಅಲ್ಲಿಂದ ಮದುವೆ ಊರಿಗೆ ರೈಲು ಬಸ್ಸು ಏನಿದೆಯೋ ನೋಡೋದು, ಕೊನೆಗೆ ನಮ್ಮನೆ ಬಾಗಿಲಿಂದ ಮದುವೆ ಛತ್ರದ ತನಕ ಒಟ್ಟು ಎಷ್ಟಾಗತ್ತೆ ಅಂತ ಕೂಡೋದು. ಬರೀ ಟಿಕೆಟ್ ರೇಟ್ ನೋಡ್ಕೊಂಡು ಕೂತ್ರೆ ಆ ಸೈಟ್‌ಗಳು ನಮ್ಮನ್ನ ಚೆನ್ನಾಗಿ ಆಟ ಆಡಿಸ್ತವೆ.

ಆದ್ರೆ ಅದಕ್ಕೂ ಮುಂಚೆ ವೀಸಾ. ನಮ್ದು ಇಂಡಿಯನ್ ಪಾಸ್‌ಪೋರ್ಟ್, ಅಮೆರಿಕದ ಗ್ರೀನ್ ಕಾರ್ಡ್ ಇದ್ರೂ ಎಚ್-1ಬಿ ಇದ್ರೂ ಇಟಲಿಗೆ ಷೆಂಗೆನ್ ವೀಸಾ (ಯುರೋಪಿನ ಬಹಳಷ್ಟು ದೇಶಗಳಿಗೆ ಸೇರಿ ಒಂದೇ ವೀಸಾ) ಬೇಕೇ ಬೇಕು. ಜಾಸ್ತಿ ರಾತ್ರಿ ಯಾವ ದೇಶದಲ್ಲಿ ಉಳ್ಕೊಳ್ತೀರೋ ಆ ದೇಶಕ್ಕೆ ಅರ್ಜಿ ಹಾಕ್ಬೇಕು, ವಿಮಾನ ಇಳಿಯೋದು ಸ್ವಿಟ್ಜರ್ಲೆಂಡಿನ ಜೂರಿಕ್ ಆದ್ರೂ ನಮ್ಮ ಅರ್ಜಿ ಇಟಲಿಗೇನೇ. 6 ತಿಂಗಳ ಮುಂಚೆಯಿಂದ ಹಾಕ್ಬೋದು, ಹೊರಡೋಕೆ ಕೊನೇಪಕ್ಷ 15 ದಿನ ಇರೋ ಹಾಗೆ. ದೊಡ್ಡವ್ರಿಗೆ ಫೀಸು 90 ಯುರೋ, 6ರಿಂದ 12 ವರ್ಷದೊಳಗಿನ ಮಕ್ಕಳಿಗೆ 45, ಜೊತೆಗೆ 30,000 ಯುರೋ ಕವರ್ ಇರೋ ಟ್ರಾವೆಲ್ ಇನ್ಶೂರೆನ್ಸ್. ಇದನ್ನೂ ಟಿಕೆಟ್ ಖರ್ಚಿಗೇ ಸೇರಿಸಿ ನೋಡಿ. ಎಚ್-1ಬಿ, ಎಚ್-4ನವ್ರು ಇನ್ನೊಂದು ನೋಡ್ಕೊಳ್ಳಿ, ಕೈಲಿ ಐ-797 ಅಪ್ರೂವಲ್ (ಅಮೆರಿಕ ಸರ್ಕಾರದ ಒಪ್ಪಿಗೆ ಪತ್ರ) ಇದ್ದು ಪಾಸ್‌ಪೋರ್ಟಲ್ಲಿ ವೀಸಾ ಸ್ಟಾಂಪ್ ಮುಗಿದಿದ್ರೆ ಯುರೋಪಿಂದ ವಾಪಸ್ ಅಮೆರಿಕಕ್ಕೆ ಬರೋಕಾಗಲ್ಲ. ಕೆನಡಾ ಮೆಕ್ಸಿಕೋಗೆ ಸ್ವಲ್ಪ ದಿನ ಹೋಗಿ ಬರೋ ಸಡಿಲಿಕೆ ಯುರೋಪಿಗಿಲ್ಲ. ನಮ್ ಕಡೆ ಒಬ್ರು ಇದೇ ಕಾರಣಕ್ಕೆ ಮದುವೆನ ವಿಡಿಯೋ ಕಾಲಲ್ಲಿ ನೋಡಿದ್ರು ಪಾಪ.

ಈಗ ಹುಡುಕೋ ವಿಷ್ಯ. ಗೂಗಲ್ ಫ್ಲೈಟ್ಸ್‌ನಲ್ಲಿ ಹೊರಡೋ ಜಾಗಕ್ಕೆ ಒಂದೇ ಏರ್‌ಪೋರ್ಟ್ ಹಾಕ್ಬೇಕು ಅಂತೇನಿಲ್ಲ, ನಾನು ನ್ಯೂಆರ್ಕ್, ನ್ಯೂಯಾರ್ಕ್‌ನ ಜೆಎಫ್‌ಕೆ, ಫಿಲಡೆಲ್ಫಿಯಾ, ಬಾಸ್ಟನ್ ನಾಲ್ಕೂ ಒಟ್ಟಿಗೆ ಹಾಕಿದೆ. ಇಳಿಯೋ ಕಡೆ ಮಿಲಾನ್‌ನ ಮಾಲ್ಪೆನ್ಸಾ, ಲಿನಾಟೆ, ಬೆರ್ಗಾಮೊ, ಅದ್ರ ಜೊತೆ ವೆನಿಸ್, ಜೂರಿಕ್. ಮೊದಲು ತಾರೀಕು ಗಟ್ಟಿ ಮಾಡ್ಕೊಳ್ದೆ ಕ್ಯಾಲೆಂಡರ್ ತೆಗೆದು ಬಣ್ಣ ನೋಡಿ, ಹಸಿರು ಇರೋ ದಿನಗಳು ಅಗ್ಗ. ಶನಿವಾರದ ಮದುವೆಗೆ ಎಲ್ರೂ ಗುರುವಾರ ಸಂಜೆ ಹತ್ತಿ ಭಾನುವಾರ ವಾಪಸ್ ಬರೋಕೆ ನೋಡ್ತಾರೆ, ಆ ಎರಡು ದಿನ ರೇಟ್ ಉರೀತಿರತ್ತೆ. ನಾವು ಮಂಗಳವಾರ ರಾತ್ರಿ ಹೊರಟು ಮುಂದಿನ ಬುಧವಾರ ವಾಪಸ್ ಬಂದ್ವಿ, ಉಳಿತಾಯದಲ್ಲಿ ಹೆಚ್ಚಿನ ರಾತ್ರಿಗಳ ರೂಮ್ ಬಾಡಿಗೆ ಬಹುಪಾಲು ಬಂದೋಯ್ತು. ಬ್ಯಾಗ್ ತಡವಾಗಿ ಬಂದ್ರೂ ಸೀರೆ ಒಡವೆ ಮದುವೆ ಹೊತ್ತಿಗೆ ಸಿಗತ್ತೆ ಅನ್ನೋ ಧೈರ್ಯ ಬೇರೆ. ಸೆಪ್ಟೆಂಬರ್ ಆಗಿದ್ದೂ ನಮ್ ಅದೃಷ್ಟ, ಜೂನ್ ಮಧ್ಯದಿಂದ ಆಗಸ್ಟ್ ತನಕ ಶಾಲೆ ರಜ ಇರೋದ್ರಿಂದ ಅದೇ ಸೀಟಿಗೆ ಕೇಳಿದ್ದಷ್ಟು ಕೊಡ್ಬೇಕಾಗತ್ತೆ.

ಇನ್‌ಕಾಗ್ನಿಟೋ ವಿಂಡೋಲಿ ಹುಡುಕಿದ್ರೆ ಕಮ್ಮಿ ತೋರಿಸತ್ತೆ, ಮಂಗಳವಾರ ಮಧ್ಯರಾತ್ರಿ ಬುಕ್ ಮಾಡಿದ್ರೆ ಅಗ್ಗ, ಇವೆಲ್ಲಾ ಮಾಡಿ ನೋಡಿದೀನಿ, ಒಂದು ಡಾಲರ್ ವ್ಯತ್ಯಾಸ ಕಾಣ್ಲಿಲ್ಲ. ವ್ಯತ್ಯಾಸ ಬರೋದು ನೀವು ಹಾರೋ ದಿನದಿಂದ.

ಎಲ್ಲಕ್ಕಿಂತ ಜಾಸ್ತಿ ದುಡ್ಡು ಉಳಿಸಿದ್ದು ಸೀಟಿನ ಲೆಕ್ಕ. ಏರ್‌ಲೈನ್‌ನವ್ರು ಒಂದೇ ಎಕಾನಮಿಯನ್ನ ಬೇರೆ ಬೇರೆ ರೇಟಿನ ಗುಂಪು ಮಾಡಿ ಮಾರ್ತಾರೆ, ಅಗ್ಗದ ಗುಂಪಲ್ಲಿ ಎರಡೇ ಸೀಟು ಉಳಿದಿದ್ದಾಗ ನೀವು ನಾಲ್ಕು ಸೀಟು ಅಂತ ಹುಡುಕಿದ್ರೆ ಎರಡಕ್ಕೆ ಒಂದು ರೇಟು ಇನ್ನೆರಡಕ್ಕೆ ಇನ್ನೊಂದು ಅಂತ ಕೊಡಲ್ಲ, ಸಾಮಾನ್ಯವಾಗಿ ನಾಲ್ಕನ್ನೂ ದುಬಾರಿ ಗುಂಪಲ್ಲೇ ತೋರಿಸತ್ತೆ. ಉದಾಹರಣೆಗೆ ಹೇಳ್ತೀನಿ, ಒಬ್ರಿಗೆ ಅಂತ ಹಾಕಿದಾಗ 600 ಡಾಲರ್, ಇಬ್ರಿಗೆ ಹಾಕಿದಾಗ್ಲೂ ತಲೆಗೆ 600, ಮೂರು ಅಂದ ತಕ್ಷಣ ತಲೆಗೆ 720 ಆದ್ರೆ ಅಲ್ಲೇ ಗೊತ್ತಾಯ್ತಲ್ಲ, ಅಗ್ಗದ್ದು ಎರಡೇ ಇದೆ ಅಂತ. ಆಗ ಎರಡು ಎರಡಾಗಿ ಒಡೆದು ಬುಕ್ ಮಾಡಿದ್ರೆ 240 ಉಳೀತು. ಅದಕ್ಕೆ ನಾನು ಯಾವಾಗ್ಲೂ ಒಂದು ಸೀಟಿಂದ ಶುರು ಮಾಡಿ ಒಂದೊಂದೇ ಏರಿಸ್ತಾ ಹೋಗ್ತೀನಿ. ಒಡೆಯೋವಾಗ ಒಂದೊಂದು ಬುಕಿಂಗಲ್ಲೂ ಒಬ್ರು ದೊಡ್ಡವ್ರು ಒಂದು ಮಗು ಇರೋ ಹಾಗೆ ನೋಡ್ಕೊಂಡೆ, ಆಮೇಲೆ ಏರ್‌ಲೈನ್‌ಗೆ ಫೋನ್ ಮಾಡಿ ಎರಡೂ ಬುಕಿಂಗ್ ಒಂದೇ ಕುಟುಂಬದ್ದು ಅಂತ ನೋಟ್ ಹಾಕಿಸಿದೆ. ಹತ್ತು ಜನ ಅಥವಾ ಅದಕ್ಕಿಂತ ಜಾಸ್ತಿ ಆದ್ರೆ ಗ್ರೂಪ್ ಬುಕಿಂಗ್ ಡೆಸ್ಕ್ ಅಂತಿರತ್ತೆ. ಅಲ್ಲಿ ರೇಟ್ ಯಾವಾಗ್ಲೂ ಕಮ್ಮಿ ಇರಲ್ಲ, ಹೆಸರು ಆಮೇಲೆ ಕೊಡೋಕೆ ಟೈಮ್ ಸಿಗತ್ತೆ ಅನ್ನೋದೇ ಅದ್ರ ಲಾಭ.

ನ್ಯೂಯಾರ್ಕ್‌ನಿಂದ ಮಿಲಾನ್‌ಗೆ ಪೈಪೋಟಿ ಚೆನ್ನಾಗಿದೆ. ಅಮೆರಿಕದ ಏರ್‌ಲೈನ್‌ಗಳ ಜೊತೆ ಎಮಿರೇಟ್ಸ್ ಕೂಡ 2013ರಿಂದ ಓಡಿಸ್ತಿದೆ, ದುಬೈಗೆ ಹೋಗೋ ವಿಮಾನ ಮಧ್ಯ ಮಾಲ್ಪೆನ್ಸಾದಲ್ಲಿ ಇಳಿಯತ್ತೆ, ಬರೀ ಆ ಮೊದಲ ಭಾಗಕ್ಕೂ ಟಿಕೆಟ್ ಕೊಡ್ತಾರೆ, ಇದು ಬಹಳ ಜನಕ್ಕೆ ಗೊತ್ತೇ ಇಲ್ಲ. ಜೂರಿಕ್ ಕೂಡ ಆಗಾಗ ಅಗ್ಗ ಸಿಗತ್ತೆ, ಅಲ್ಲಿಂದ ಮಿಲಾನ್ ಕಡೆ ಹೋಗೋ ರೈಲು 57 ಕಿಲೋಮೀಟರ್ ಉದ್ದದ ಗೊಟ್ಹಾರ್ಡ್ ಸುರಂಗ ದಾಟಿ ಬರತ್ತೆ, ಮಕ್ಕಳಿಗೆ ಅದೇ ಒಂದು ಮಜಾ. ಆದ್ರೆ ಸ್ವಿಸ್ ರೈಲು ಟಿಕೆಟ್ ಮುಂಚೆನೇ ತಗೊಳ್ದಿದ್ರೆ ಉಳಿಸಿದ್ದೆಲ್ಲಾ ಅಲ್ಲೇ ಹೋಗತ್ತೆ. ನಾವು ಕೊನೆಗೆ ಮಾಲ್ಪೆನ್ಸಾನೇ ಹಿಡಿದ್ವಿ, ಅಲ್ಲಿಂದ ಮಾಲ್ಪೆನ್ಸಾ ಎಕ್ಸ್‌ಪ್ರೆಸ್‌ನಲ್ಲಿ ಮಿಲಾನೋ ಚೆಂತ್ರಾಲೆ ಸ್ಟೇಷನ್, ಅಲ್ಲಿಂದ ತಿರಾನೋ ಕಡೆ ಹೋಗೋ ರೈಲಲ್ಲಿ ಒಂದು ಗಂಟೆ ಚಿಲ್ರೆಗೆ ವರೆನ್ನಾ. ಏರ್‌ಪೋರ್ಟಿಂದ ಟ್ಯಾಕ್ಸಿ ಅಂದಿದ್ರೆ ಒಂದು ಸೀಟಿನ ದುಡ್ಡಿನ ಹತ್ರಕ್ಕೆ ಹೋಗ್ತಿತ್ತೇನೋ.

ಲಿಸ್ಬನ್‌ಗೋ ಡಬ್ಲಿನ್‌ಗೋ ಒಂದು ಅಗ್ಗದ ಟಿಕೆಟ್, ಅಲ್ಲಿಂದ ಬೆರ್ಗಾಮೊಗೆ ಲೋಕಲ್ ಬಜೆಟ್ ಏರ್‌ಲೈನಲ್ಲಿ ಇನ್ನೊಂದು ಟಿಕೆಟ್, ಹೀಗೆ ಜೋಡಿಸೋದು ನೋಡೋಕೆ ಚೆಂದ. ನಾನು ಬೇಡ ಅಂದೆ. ಎರಡು ಬೇರೆ ಟಿಕೆಟ್ ಅಂದ್ರೆ ಮೊದಲ ವಿಮಾನ ಲೇಟಾದ್ರೆ ಎರಡನೇದರವ್ರಿಗೆ ಸಂಬಂಧ ಇಲ್ಲ, ಸೂಟ್‌ಕೇಸ್ ಇಳಿಸ್ಕೊಂಡು ಮತ್ತೆ ಚೆಕ್‌ಇನ್ ಮಾಡ್ಬೇಕು, ಅಂದ್ರೆ ಆ ದೇಶದೊಳಗೆ ಕಾಲಿಡ್ಬೇಕು. ಐರ್ಲೆಂಡ್ ಷೆಂಗೆನ್ ಒಳಗಿಲ್ಲ, ಇಂಡಿಯನ್ ಪಾಸ್‌ಪೋರ್ಟಿಗೆ ಬೇರೆ ವೀಸಾ ಬೇಕಾಗತ್ತೆ. ಅದ್ರ ಮೇಲೆ ಬಜೆಟ್ ಏರ್‌ಲೈನಲ್ಲಿ 20 ಕಿಲೋ ಬ್ಯಾಗಿಗೆ ಕೇಳೋ ದುಡ್ಡು ಟಿಕೆಟ್‌ಗಿಂತ ಜಾಸ್ತಿ ಆಗೋದೂ ಉಂಟು, ಮೂಗಿಗಿಂತ ಮೂಗುತಿ ಭಾರ. ರೇಷ್ಮೆ ಸೀರೆ, ಮಕ್ಕಳ ಬಟ್ಟೆ, ಉಡುಗೊರೆ ತಗೊಂಡು ಹೋಗೋರಿಗೆ ಬರೀ ಬೆನ್ನಿಗೆ ಹಾಕೋ ಬ್ಯಾಗಲ್ಲಿ ಹೋಗೋಕಾಗತ್ತಾ? ಒಬ್ರೇ ಹೋಗೋ ಹುಡುಗ್ರಿಗೆ ಅಮೆರಿಕನ್ ಪಾಸ್‌ಪೋರ್ಟ್ ಇದ್ರೆ, ಮಧ್ಯ ಒಂದು ರಾತ್ರಿ ಇಟ್ಕೊಂಡು ಮಾಡ್ಲಿ ಬೇಕಾದ್ರೆ. ದೊಡ್ಡ ಏರ್‌ಲೈನ್‌ಗಳ ಬೇಸಿಕ್ ಎಕಾನಮಿ, ಅಂದ್ರೆ ಅವ್ರ ಅತಿ ಅಗ್ಗದ ಟಿಕೆಟ್‌ನಲ್ಲೂ ಅಷ್ಟೇ, ಅಟ್ಲಾಂಟಿಕ್ ದಾಟೋ ಟಿಕೆಟ್‌ನಲ್ಲೂ ಚೆಕ್‌ಇನ್ ಬ್ಯಾಗ್ ಸೇರಿಲ್ದೇ ಇರಬೋದು, ಬ್ಯಾಗ್ ದುಡ್ಡು ಸೇರಿಸಿದ್ಮೇಲೆ ಮಾಮೂಲಿ ಎಕಾನಮಿ ಜೊತೆ ಹೋಲಿಸಿ.

ಲಂಡನ್ ಮೂಲಕ ಹೋಗಿ ಅಲ್ಲಿ ಎರಡು ದಿನ ಸುತ್ತಾಡಿ ವಾಪಸ್ ಬರೋಣ ಅಂತ ಭಾವಮೈದ ಪ್ಲಾನ್ ಹಾಕಿದ್ದ. ಯುಕೆ ವೀಸಾ ಒಂದು ಕಡೆ ಇರ್ಲಿ, ಅಲ್ಲಿಂದ ಅಮೆರಿಕಕ್ಕೆ ಹೊರಡೋ ದೊಡ್ಡವ್ರ ಟಿಕೆಟ್ ಮೇಲೆ ಬ್ರಿಟಿಷ್ ಸರ್ಕಾರದ ಏರ್ ಪ್ಯಾಸೆಂಜರ್ ಡ್ಯೂಟಿನೇ 2025ರಲ್ಲಿ ಎಕಾನಮಿಲಿ 90 ಪೌಂಡ್ ಆಸುಪಾಸು ಇತ್ತು. ಒಂದೇ ಟಿಕೆಟ್‌ನಲ್ಲಿ 24 ಗಂಟೆಯೊಳಗೆ ವಿಮಾನ ಬದಲಾಯಿಸಿದ್ರೆ ಈ ತೆರಿಗೆ ಇಲ್ಲ. ಅವನು ಪ್ಲಾನ್ ಬಿಟ್ಟ.

ಬುಕ್ ಮಾಡೋದು ಏರ್‌ಲೈನ್ ಸೈಟಲ್ಲೇ ಮಾಡಿ. ಬೇರೆ ಏಜೆಂಟ್ ಸೈಟಲ್ಲಿ ಮೂವತ್ತು ನಲವತ್ತು ಡಾಲರ್ ಕಮ್ಮಿ ಕಾಣತ್ತೆ, ಆದ್ರೆ ಟೈಮ್ ಬದಲಾದ್ರೆ ಏರ್‌ಲೈನ್‌ನವ್ರು ಏಜೆಂಟ್ ಹತ್ರ ಹೋಗಿ ಅಂತಾರೆ, ಏಜೆಂಟ್ ಫೋನೇ ಎತ್ತಲ್ಲ. ಏರ್‌ಲೈನಲ್ಲಿ ನೇರ ತಗೊಂಡ್ರೆ, ಹೊರಡೋಕೆ 7 ದಿನವೋ ಜಾಸ್ತಿಯೋ ಇದ್ರೆ, ಅಮೆರಿಕದ ನಿಯಮದ ಪ್ರಕಾರ 24 ಗಂಟೆಯೊಳಗೆ ಕ್ಯಾನ್ಸಲ್ ಮಾಡಿ ಪೂರ್ತಿ ದುಡ್ಡು ವಾಪಸ್ ಪಡೀಬೋದು. ಕೆಲವರು ಅದ್ರ ಬದಲು ದುಡ್ಡು ಕಟ್ಟಿಸ್ಕೊಳ್ದೆ ರೇಟನ್ನ 24 ಗಂಟೆ ಹಿಡಿದಿಡೋ ಅವಕಾಶ ಕೊಡ್ತಾರೆ, ಎರಡರಲ್ಲಿ ಯಾವುದು ಅಂತ ನೋಡ್ಕೊಳ್ಳಿ. ಒಳ್ಳೆ ರೇಟ್ ಕಂಡ ತಕ್ಷಣ ನಾನು ತಗೊಂಡ್ಬಿಟ್ಟೆ, ಆಮೇಲೆ ಹೆಂಡ್ತಿ, ಅತ್ತೆ, ಮಾವ ಎಲ್ರನ್ನೂ ಕೇಳಿದ್ದು.

ತಗೊಂಡ್ಮೇಲೂ ರೇಟ್ ಬದಲಾದ್ರೆ ತಿಳಿಸೋ ಪ್ರೈಸ್ ಅಲರ್ಟ್ ಆಫ್ ಮಾಡ್ಲಿಲ್ಲ. ಅಮೆರಿಕದ ದೊಡ್ಡ ಏರ್‌ಲೈನ್‌ಗಳಲ್ಲಿ ಬೇಸಿಕ್ ಅಲ್ಲದ ಟಿಕೆಟ್‌ಗೆ, ಅಮೆರಿಕದಿಂದ ಶುರುವಾಗೋ ಪ್ರಯಾಣ ಆದ್ರೆ, ಸಾಮಾನ್ಯವಾಗಿ ಚೇಂಜ್ ಫೀಸ್ ಇಲ್ಲ, ಅದೇ ವಿಮಾನದ ರೇಟ್ ಇಳಿದ್ರೆ ಮತ್ತೆ ಅದಕ್ಕೇ ಬದಲಾಯಿಸಿ ವ್ಯತ್ಯಾಸನ ಕ್ರೆಡಿಟ್ ಆಗಿ ತಗೋಬೋದು. ನಮ್ದು ಜುಲೈಯಲ್ಲಿ ಸ್ವಲ್ಪ ಇಳೀತು, ಬಂದ ಕ್ರೆಡಿಟ್‌ನಲ್ಲಿ ಮಾವನವ್ರು ಆಮೇಲೆ ಡಲ್ಲಾಸ್‌ಗೆ ಹೋಗಿ ಬಂದ್ರು.