ನಾಲ್ಕು ಭಯದ ಕಥೆಗಳನ್ನು ಒಂದೇ ಎಳೆಯಲ್ಲಿ ಹೊಸೆದದ್ದು: ನನ್ನ ಅನುಭವ

ಬಿಡಿ ಕಥೆಗಳನ್ನು ಒಂದಕ್ಕೊಂದು ಹೊಸೆಯುವುದನ್ನು ನಾನು ಕಲಿತದ್ದು ಅಮೆರಿಕದ ರಾಬರ್ಟ್ ಚೇಂಬರ್ಸ್ ಬರೆದ ‘ದಿ ಕಿಂಗ್ ಇನ್ ಯೆಲ್ಲೋ’ದಿಂದ. 1895ರಲ್ಲಿ ಬಂದ ಸಂಕಲನ ಅದು. ಹತ್ತು ಕಥೆಗಳಿವೆ, ನನಗೆ ಬೇಕಾದದ್ದು ಮೊದಲ ನಾಲ್ಕು. ನಾಲ್ಕರಲ್ಲೂ ಅದೇ ಹೆಸರಿನ ಒಂದು ನಾಟಕದ ಪುಸ್ತಕ ಸುಳಿಯುತ್ತದೆ. ಮೊದಲ ಅಂಕದಲ್ಲಿ ಏನೂ ಇಲ್ಲ, ತೀರಾ ಸಪ್ಪೆ. ಎರಡನೆಯದನ್ನು ಓದಿದವರ ನೆಮ್ಮದಿ ಹಾಳಾಗುತ್ತದೆ.

ನಾಟಕದ ಮಾತು ಬಂದಲ್ಲೆಲ್ಲ ಪೆನ್ಸಿಲ್ಲಿನಿಂದ ಗೆರೆ ಎಳೆಯುತ್ತಾ ಓದಿದೆ. ಒಂದು ಹಾಡು, ಒಂದು ತುಣುಕು ಸಂಭಾಷಣೆ, ಕಾರ್ಕೋಸಾ, ಹಾಲಿ ಅನ್ನುವಂಥ ಕೆಲವು ಹೆಸರುಗಳು. ಆ ಹೆಸರುಗಳೂ ಅಮೆರಿಕದ ಇನ್ನೊಬ್ಬ ಕಥೆಗಾರ ಆಂಬ್ರೋಸ್ ಬಿಯರ್ಸ್ ಅವರ ಕಥೆಗಳಿಂದ ತಂದವು. ಎರಡನೇ ಅಂಕದಲ್ಲಿ ಏನಿದೆ ಅಂತ ಚೇಂಬರ್ಸ್ ಕೊನೆಯವರೆಗೂ ಬಿಚ್ಚಿಡುವುದಿಲ್ಲ.

ನನ್ನನ್ನು ಜಾಸ್ತಿ ಹಿಡಿದದ್ದು ಕೊಂಡಿ ಹಾಕಿರುವ ರೀತಿ. ಮೊದಲ ಕಥೆ ನಡೆಯುವುದು 1920ರ ನ್ಯೂಯಾರ್ಕ್‌ನಲ್ಲಿ. ಬರೆಯುವಾಗ ಅದು ಇನ್ನೂ ಬಾರದ ಕಾಲ. ಸಾಯಬಯಸುವವರಿಗೆಂದು ಸರ್ಕಾರ ಕಟ್ಟಿಸಿದ ಕಟ್ಟಡದ ಮುಂದೆ ಒಂದು ಅಮೃತಶಿಲೆಯ ಶಿಲ್ಪ. ಅದನ್ನು ಕಡೆದ ಬೋರಿಸ್ ಇವೇನ್ 23ನೇ ವಯಸ್ಸಿಗೇ ಪ್ಯಾರಿಸ್‌ನಲ್ಲಿ ತೀರಿಕೊಂಡ ಅಂತ ಒಂದೇ ಒಂದು ಮಾತು ಬರುತ್ತದೆ. ಓದುವವರು ಅದನ್ನು ದಾಟಿ ಹೋಗುತ್ತಾರೆ. ಮುಂದಿನ ಕಥೆ ತೆರೆದರೆ ಅದೇ ಬೋರಿಸ್ ಪ್ಯಾರಿಸ್‌ನಲ್ಲಿ ಜೀವಂತ ಇದ್ದಾನೆ, ಜೀವಿಗಳನ್ನು ಕಲ್ಲಾಗಿಸುವ ದ್ರಾವಣ ಮಾಡಿಕೊಂಡು ಸ್ನೇಹಿತನಿಗೆ ತೋರಿಸುತ್ತಿದ್ದಾನೆ. ಅವನು ಬದುಕುವುದಿಲ್ಲ ಅಂತ ನಮಗೆ ಮೊದಲೇ ಗೊತ್ತು, ಅವನಿಗೆ ಗೊತ್ತಿಲ್ಲ. ನಾಲ್ಕನೆಯದರಲ್ಲಿ ಚಿತ್ರಕಾರನೊಬ್ಬ, ಕ್ಯಾಸ್ಟೇನ್ ಅನ್ನುವ ಪರಿಚಯದವನಿಗೆ ಆದ ಗತಿ ನೋಡಿ ಆ ಪುಸ್ತಕ ಮುಟ್ಟಿಲ್ಲ ಅನ್ನುತ್ತಾನೆ. ಮೊದಲ ಕಥೆ ಹೇಳಿದವನೇ ಆ ಕ್ಯಾಸ್ಟೇನ್! ಎಷ್ಟು ಸಲ ಓದಿದರೂ ಅಲ್ಲಿ ಮೈ ಜುಮ್ಮೆನ್ನುತ್ತದೆ.

ನನ್ನ ಕಥೆಗಳಿಗೆ ಹಳೇ ಅಕ್ಕಿ ಗಿರಣಿಯ ಲೆಕ್ಕದ ಪುಸ್ತಕವನ್ನು ನಡುವೆ ಇಟ್ಟುಕೊಂಡೆ. ಯಾರ ಹೆಸರು ಅದರಲ್ಲಿ ಯಾಕೆ ಬರುತ್ತದೆ ಅಂತ ಎಲ್ಲೂ ಬರೆಯಲಿಲ್ಲ. ಅದರ ಕೆಂಪು ರಟ್ಟು, ತೌಡಿನ ವಾಸನೆ, ಶಾಯಿ ಹರಡಿದ ಒಂದು ಪುಟ, ಇಷ್ಟೇ ತೋರಿಸಿದೆ. ಕಾಲದಲ್ಲಿ ಕೊನೆಗೆ ನಡೆಯುವ ಕಥೆಯನ್ನು ಮೊದಲಿಗೆ ತಂದೆ. ಅದರಲ್ಲಿ ಗೋಡೆ ಮೇಲೆ ಹಾರ ಹಾಕಿದ ಫೋಟೋ ಇದೆ, ಒಂದೇ ಸಾಲಿನಲ್ಲಿ. ಆ ಫೋಟೋದ ಹುಡುಗಿ ಮೂರನೇ ಕಥೆಯಲ್ಲಿ ಸೈಕಲ್ ಕಲಿಯುತ್ತಾಳೆ. ಕೊಂಡಿಯ ಸಾಲುಗಳನ್ನು ಪ್ಯಾರಾದ ನಡುವೆ, ಬೇರೆ ಸಾಮಾನಿನ ಜೊತೆ ಇಟ್ಟೆ. ಪ್ಯಾರಾದ ಕೊನೆಗೆ ಇಟ್ಟರೆ ಕಣ್ಣಿಗೆ ಹೊಡೆಯುತ್ತದೆ, ಅಲ್ವಾ?

ಬರೆದ ಮೇಲೆ ಗೆಳತಿಗೆ ಮೂರನೇ ಕಥೆ ಮಾತ್ರ ಓದಲು ಕೊಟ್ಟೆ. ಒಂಟಿಯಾಗಿ ನಿಲ್ಲುತ್ತದಾ ಅಂತ ತಿಳಿಯಬೇಕಿತ್ತು. ಹುಡುಗಿ ಸೈಕಲ್ ಕಲಿಯುವ ಭಾಗ ಖುಷಿಯಾಗಿದೆ ಅಂದಳು. ಆಮೇಲೆ ಮೊದಲನೆಯದನ್ನು ಕೊಟ್ಟೆ. ಫೋಟೋದ ಸಾಲಿಗೆ ಬಂದವಳು ಓದು ನಿಲ್ಲಿಸಿ, ಮೂರನೇ ಕಥೆಯ ಹಾಳೆಗಳನ್ನು ವಾಪಸ್ ಕೇಳಿದಳು.