ಮಾರಿಸ್ ಮೈನರ್‌ಗೆ 1275 ಎಂಜಿನ್: ಕಡಿಮೆ ಖರ್ಚಿನಲ್ಲಿ ನಾನು ಮಾಡಿದ ರೀತಿ

ಹಳೇ ಕಾರಿಗೆ ಬೇರೆ ಎಂಜಿನ್ ಹಾಕಿದೆ ಅಂದರೆ ಸಾಕು, ಎಲ್ಲರೂ ಕೇಳುವುದು ಹಾರ್ಸ್‌ಪವರ್ ಎಷ್ಟು ಅಂತ. ಕೈಯಲ್ಲಿ ದುಡ್ಡು ಕಡಿಮೆ ಇದ್ದಾಗ ನಾನು ಕೇಳಿಕೊಂಡ ಪ್ರಶ್ನೆ ಬೇರೆ. ಯಾವ ಎಂಜಿನ್ ತಂದರೆ ಬಾಡಿ ಕತ್ತರಿಸದೆ, ವೆಲ್ಡಿಂಗ್ ಮಾಡದೆ ಕೂರುತ್ತದೆ?

ನನ್ನದು 1098 ಸಿಸಿಯ ಮಾರಿಸ್ ಮೈನರ್ 1000, ಹಳೇ ಬ್ರಿಟಿಷ್ ಕಾರು. ಇರುವುದು 48 ಹಾರ್ಸ್‌ಪವರ್. ನಿಧಾನವಾಗಿ ಓಡಾಡಲು ಸಾಕು. ಹೈವೇಯಲ್ಲಿ ಏರು ಬಂದರೆ ಮಾತ್ರ ಹಿಂದಿನ ಲಾರಿಯವನಿಗೆ ದಾರಿ ಬಿಡಬೇಕು.

ಜಪಾನಿನ ಟ್ವಿನ್ ಕ್ಯಾಮ್ ಎಂಜಿನ್ ಹಾಕಿಬಿಡು ಅಂತ ಸಲಹೆ ಕೊಟ್ಟವರೂ ಇದ್ದರು. ಅಂಥ ಎಂಜಿನ್ ಅಗ್ಗಕ್ಕೆ ಸಿಗಬಹುದು, ನಿಜ. ಆಮೇಲೆ ಮೌಂಟ್ ಹೊಸದಾಗಿ ಮಾಡಿಸಬೇಕು, ಟನಲ್ (ಗೇರ್‌ಬಾಕ್ಸ್ ಮೇಲೆ ನೆಲ ಉಬ್ಬಿರುವ ಜಾಗ) ಕತ್ತರಿಸಬೇಕು, ಹಿಂದಿನ ಚಕ್ರಗಳಿಗೆ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್ ಅಳತೆಗೆ ತಕ್ಕಂತೆ ಮಾಡಿಸಬೇಕು, ವೈರಿಂಗ್ ಬೇರೆ. ಅಗ್ಗದ ಎಂಜಿನ್ ದುಬಾರಿಯಾಗುವುದೇ ಇಲ್ಲಿ.

ಅದಕ್ಕೇ ಮೈನರ್‌ನ ಸ್ವಂತ ಮನೆತನದ ಎ-ಸೀರೀಸ್ ಕಡೆಗೇ ಹೋದೆ. 1951ರಲ್ಲಿ ಆಸ್ಟಿನ್ ಎ30 ಕಾರಿಗೆ 803 ಸಿಸಿಯಾಗಿ ಬಂದ ಎಂಜಿನ್ ಇದು. ಬೆಳೆಯುತ್ತಾ 948, 1098, 1275 ಆಯಿತು. ಎಂಜಿ ಮಿಜೆಟ್ ಅನ್ನುವ ಸ್ಪೋರ್ಟ್ಸ್ ಕಾರಿಗೆ 1966ರಲ್ಲಿ 1275 ಸಿಕ್ಕಿತು, 65 ಹಾರ್ಸ್‌ಪವರ್. ನನಗೆ ಸಿಕ್ಕಿದ್ದೂ ಮಿಜೆಟ್‌ನದೇ. ಮಿನಿಯ 1275 ಕೂಡ ಇದೇ ಎಂಜಿನ್ ಅಲ್ವಾ ಅಂತ ಕೇಳಬಹುದು. ಆದರೆ ಅದು ಅಡ್ಡ ಕೂರುತ್ತದೆ, ಗೇರ್‌ಬಾಕ್ಸ್ ಅದರ ಅಡಿಯಲ್ಲೇ ಇದೆ. ಅದನ್ನು ಮೈನರ್‌ನಲ್ಲಿ ಉದ್ದಕ್ಕೆ ಕೂರಿಸಲು ಹೊರಟರೆ ಉಳಿಸಿದ ದುಡ್ಡೆಲ್ಲ ಅಲ್ಲಿಗೇ ಹೋಗುತ್ತದೆ.

ಕೊಳ್ಳುವಾಗ ಬಾಯಿಮಾತು ನಂಬಬೇಡಿ. 1275ರ ಹೆಡ್ ಮೇಲೆ 12ಜಿ940 ಅನ್ನುವ ಎರಕದ ನಂಬರ್ ಇರುತ್ತದೆ. ಅದಷ್ಟೇ ಸಾಲದು, ಹೆಡ್ ಒಂದನ್ನೇ ಬದಲಿಸಿರಬಹುದು. ಬ್ಲಾಕ್‌ನ ಎಡಮಗ್ಗುಲನ್ನೂ ನೋಡಿ. 1098ರಲ್ಲಿ ಅಲ್ಲಿ ಟ್ಯಾಪೆಟ್‌ಗೆ (ವಾಲ್ವ್ ಎತ್ತಲು ನೆರವಾಗುವ ಭಾಗ) ಎರಡು ಮುಚ್ಚಳ ಇರುತ್ತವೆ, ಮಿಜೆಟ್‌ನ 1275ರಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ನಾಲ್ಕೂ ಸಿಲಿಂಡರಿನ ಕಂಪ್ರೆಷನ್ (ಒಳಗೆ ಹುಟ್ಟುವ ಒತ್ತಡ) ಅಳೆದು ನೋಡಿ, ಒಂದಕ್ಕೊಂದು ಶೇ. 10ಕ್ಕಿಂತ ಜಾಸ್ತಿ ವ್ಯತ್ಯಾಸ ಇದ್ದರೆ ಬೆಲೆ ಇಳಿಸಲು ಹೇಳಿ, ಇಲ್ಲವೇ ಬಿಟ್ಟು ಬನ್ನಿ. ನನ್ನದರಲ್ಲಿ ಬೋರ್ ಚೆನ್ನಾಗಿತ್ತು. ರಿಂಗ್, ಬೇರಿಂಗ್ ಶೆಲ್, ಆಯಿಲ್ ಪಂಪ್, ಟೈಮಿಂಗ್ ಚೈನ್, ಗ್ಯಾಸ್ಕೆಟ್ ಮಾತ್ರ ಹೊಸದು ಹಾಕಿದೆ.

ಕೂರಿಸುವ ಕೆಲಸ ಅಂಥ ಕಷ್ಟವೇನಲ್ಲ. ಮೈನರ್‌ನ ಗೇರ್‌ಬಾಕ್ಸ್ ಮೇಲಿನ ಕವರ್ ಕಾರಿನ ಒಳಗಿನಿಂದಲೇ ಬಿಚ್ಚಬಹುದು, ಕೈ ಆಡಿಸಲು ಜಾಗ ಸಿಗುತ್ತದೆ. ಎಂಜಿನ್ ಮೌಂಟ್ ಕೂರುವುದು ಮುಂದಿನ ಪ್ಲೇಟ್ ಮೇಲೆ. ಹಳೇ ಎಂಜಿನ್ನಿನ ಆ ಪ್ಲೇಟನ್ನು ಬಿಚ್ಚಿ 1275ಕ್ಕೆ ಹಾಕಿದರೆ ಮೌಂಟ್ ತೂತುಗಳು ಸರಿಯಾಗಿ ಬರುತ್ತವೆ. ಹಿಂದಿನ ಪ್ಲೇಟ್ ಮತ್ತು ಫ್ಲೈವೀಲ್ ಮಾತ್ರ ಎಂಜಿನ್ ಜೊತೆಗೇ ಕೊಳ್ಳಿ. ಹಳೆಯ ಫ್ಲೈವೀಲ್ ಹೊಸ ಕ್ರ್ಯಾಂಕ್‌ಗೆ ಹೊಂದುತ್ತದೆ ಅಂತ ಅಂದುಕೊಳ್ಳಬೇಡಿ. ಕ್ಲಚ್ ಮತ್ತು ರಿಲೀಸ್ ಬೇರಿಂಗ್ ಜೋಡಿ ಆಗುತ್ತವಾ ಅಂತ ಮೇಜಿನ ಮೇಲೇ ಇಟ್ಟು ನೋಡಿದೆ. ಕಾರ್ಬ್ಯುರೇಟರ್ ಒಂದೇ, ಎಸ್‌ಯು ಕಂಪನಿಯ ಎಚ್‌ಎಸ್4 ಮಾದರಿ. ಮಿಜೆಟ್‌ನ ಜೋಡಿ ಕಾರ್ಬ್ಯುರೇಟರ್ ನೋಡಲು ಚೆಂದ, ಆದರೆ ಎರಡನ್ನೂ ಸಮ ಮಾಡುತ್ತಾ ಕೂರುವ ತಾಳ್ಮೆ ನನಗಿಲ್ಲ.

ಡೈನಮೋ ತೆಗೆದು ಆಲ್ಟರ್ನೇಟರ್ ಹಾಕುವುದಾದರೆ ಒಂದು ನೆನಪಿರಲಿ. ಮೈನರ್‌ನಲ್ಲಿ ಕಾರಿನ ಲೋಹದ ಬಾಡಿಯ ಜೊತೆ ಕೂಡಿಸಿರುವುದು ಬ್ಯಾಟರಿಯ ಪಾಸಿಟಿವ್. ಆಲ್ಟರ್ನೇಟರ್‌ಗೆ ಅಲ್ಲಿ ನೆಗೆಟಿವ್ ಬೇಕು. ಬ್ಯಾಟರಿ ತಿರುಗಿಸಿದಾಗ ಇಗ್ನಿಷನ್ ಕಾಯಿಲ್‌ನ ಎರಡು ಸಣ್ಣ ವೈರುಗಳನ್ನೂ ಅದಲುಬದಲು ಮಾಡಬೇಕು.

ಇನ್ನು ಬ್ರೇಕ್. ಎಂಜಿನ್ ಸ್ಟಾರ್ಟ್ ಮಾಡುವ ಮೊದಲೇ ಇದನ್ನು ಮುಗಿಸಿದೆ, ಬಜೆಟ್ಟಿನ ದೊಡ್ಡ ಪಾಲೂ ಇದಕ್ಕೇ ಹೋಯಿತು. ಮುಂದಿನ 8 ಇಂಚಿನ ಡ್ರಮ್ ಇಳಿಜಾರಿನಲ್ಲಿ ಎರಡು ಮೂರು ಸಲ ಗಟ್ಟಿಯಾಗಿ ಒತ್ತಿದರೆ ಬಿಸಿಯಾಗಿ ಹಿಡಿತ ಬಿಡುತ್ತದೆ. ಹಾಗಾಗಿ ಮುಂದಕ್ಕೆ ಡಿಸ್ಕ್ ಹಾಕಿದೆ. ಪೆಡಲ್ ಒತ್ತಿದಾಗ ಬ್ರೇಕ್ ಆಯಿಲ್ ತಳ್ಳುವ ಮಾಸ್ಟರ್ ಸಿಲಿಂಡರ್ ಇರುವುದು ಡ್ರೈವರ್ ಕಾಲಡಿಯ ಚಾಸಿಯೊಳಗೆ. ಅದರ ಬೋಲ್ಟ್ ಹೊರಗೆ ಎಳೆಯಲು ಹೋದರೆ ಟಾರ್ಷನ್ ಬಾರ್ (ಸ್ಪ್ರಿಂಗ್‌ನ ಕೆಲಸ ಮಾಡುವ ಸರಳು) ಅಡ್ಡ ಬರುತ್ತದೆ! ಯಾರು ಆ ಜಾಗ ಆರಿಸಿದರೋ. ಮಾಸ್ಟರ್ ಸಿಲಿಂಡರಿನೊಳಗೆ ಡ್ರಮ್‌ಗೆ ಅಂತ ಒಂದು ಸಣ್ಣ ಚೆಕ್ ವಾಲ್ವ್ ಇದೆ, ಪೈಪಿನಲ್ಲಿ ಸ್ವಲ್ಪ ಒತ್ತಡ ಉಳಿಸುತ್ತದೆ. ಡಿಸ್ಕ್‌ಗೆ ಹಾಗೇ ಬಿಟ್ಟರೆ ಪ್ಯಾಡ್ ಸದಾ ಉಜ್ಜುತ್ತಾ ಇರುತ್ತದೆ. ಅದನ್ನು ತೆಗೆಯಬೇಕು.

ಹಿಂದಿನ ಆಕ್ಸಲ್‌ನ ಡಿಫರೆನ್ಷಿಯಲ್ ಕೂಡ ಬದಲಿಸಿದೆ. ಚಕ್ರ ಒಂದು ಸುತ್ತು ತಿರುಗಲು ಪ್ರೊಪೆಲ್ಲರ್ ಶಾಫ್ಟ್ ಎಷ್ಟು ಸುತ್ತು ತಿರುಗಬೇಕು ಅನ್ನುವುದೇ ಅದರ ನಂಬರ್. 1098 ಮೈನರ್‌ನದು 4.22, ಮಿಜೆಟ್‌ನ 3.9 ಅದೇ ಆಕ್ಸಲ್‌ಗೆ ಕೂರುತ್ತದೆ. ಮೊದಲು 100 ಕಿ.ಮೀ. ವೇಗಕ್ಕೆ ಸುಮಾರು 4000 ಆರ್‌ಪಿಎಂ ಬೇಕಿತ್ತು, ಈಗ 3700 ಸಾಕು. ಒಳಗೆ ಕೂತವರ ಜೊತೆ ಕಿರುಚದೆ ಮಾತಾಡಬಹುದು. ಸ್ಪೀಡೋಮೀಟರ್ ಕೇಬಲ್ ಗೇರ್‌ಬಾಕ್ಸಿನಿಂದ ಬರುವುದರಿಂದ ಅದೀಗ ಸುಮಾರು ಶೇ. 8ರಷ್ಟು ಕಡಿಮೆ ತೋರಿಸುತ್ತದೆ. 92 ಅಂದರೆ 100. ಮೀಟರ್ ಸರಿ ಮಾಡಿಸುವವರೆಗೆ ಫೋನಿನ ಜಿಪಿಎಸ್ ನೋಡಿಕೊಂಡೇ ಓಡಿಸುತ್ತಿದ್ದೇನೆ.