ಎಳ್ಳೆಣ್ಣೆ ಲೆಕ್ಕದಲ್ಲಿ ಸಿಕ್ಕಿಬಿದ್ದ ಪ್ರೀತಿ: ಹಂಪಿ ಕಾಲದ ಇಬ್ರು ಹುಡುಗೀರ ಕಥೆ ಬರೆದು ಮಾರಿದ ನನ್ನ ಅನುಭವ

2017ರಲ್ಲಿ ಇದನ್ನ ಶುರು ಮಾಡ್ದಾಗ ಎಲ್ರೂ ಹೇಳಿದ್ದು ಒಂದೇ ಮಾತು. ಪಿಯುಸಿ ವಯಸ್ಸಿನೋರು ಕನ್ನಡ ಪುಸ್ತಕ ಓದಲ್ಲ, ಓದಿದ್ರೂ ಚಾರಿತ್ರಿಕ ಕಾದಂಬರಿ ಮುಟ್ಟಲ್ಲ, ಮುಟ್ಟಿದ್ರು ಅಂತಾನೇ ಇಟ್ಕೊ, ಇಬ್ರು ಹುಡುಗೀರು ಪ್ರೀತಿಸೋ ಪುಸ್ತಕಾನ ಯಾವ ಅಪ್ಪ ಅಮ್ಮ ಮನೆ ಒಳಗೆ ಬಿಟ್ಕೊಳ್ತಾರೆ ಅಂತ. ಮೂರೂ ಸ್ವಲ್ಪ ಸ್ವಲ್ಪ ನಿಜಾನೇ. ಆದ್ರೂ ಹಾಕಿಸಿದ ಸಾವಿರ ಕಾಪೀಲಿ ಈಗ ನಮ್ಮನೆ ಮಂಚದ ಕೆಳಗೆ ಉಳಿದಿರೋದು ಎರಡು ಡಬ್ಬ, ನೂರಾ ಹತ್ತೋ ನೂರಾ ಇಪ್ಪತ್ತೋ ಇರ್ಬೇಕು. ಆವತ್ತು ನಕ್ಕೋರಲ್ಲಿ ಇಬ್ರು ಈಗ "ಹೆಂಗೆ ಮಾಡಿದ್ರಿ ಮೇಡಂ" ಅಂತ ಮೆಸೇಜ್ ಹಾಕ್ತಾರೆ, ಅದಕ್ಕೇ ಒಂದ್ಸಲ ಬರೆದು ಬಿಸಾಕೋಣ ಅಂತ.

ನಾನು ಹೊಸಪೇಟೆಯೋಳು, ಹೊಟ್ಟೆಪಾಡಿಗೆ ಒಂದು ಪತ್ತಿನ ಸಹಕಾರ ಸಂಘದಲ್ಲಿ ಲೆಕ್ಕ ಬರೀತೀನಿ. ಇದನ್ನ ಯಾಕೆ ಹೇಳ್ದೆ ಅಂದ್ರೆ ಇಡೀ ಕಥೆ ನಿಂತಿರೋದೇ ಅದರ ಮೇಲೆ.

ಚಾರಿತ್ರಿಕ ಬರೆಯೋರಿಗೆ ನ್ಯೂನಿಜ್ ಗೊತ್ತೇ ಇರ್ತಾನೆ, ಅಚ್ಯುತರಾಯನ ಕಾಲದಲ್ಲಿ, 1535ರ ಆಸುಪಾಸು, ವಿಜಯನಗರದಲ್ಲಿದ್ದ ಪೋರ್ಚುಗೀಸ. ಅವನು ಬರೆದಿದ್ದನ್ನ 1900ರಲ್ಲಿ ಸೀವೆಲ್ ಅನ್ನೋ ಬ್ರಿಟಿಷ್ ಅಧಿಕಾರಿ ಇಂಗ್ಲಿಷಿಗೆ ಹಾಕಿಸಿದ್ದು ಇದೆಯಲ್ಲ, ಎಲ್ರೂ ಅದರಲ್ಲಿ ಯುದ್ಧ, ಆನೆ, ಕುದುರೆ, ಮಹಾನವಮಿ ನೋಡ್ತಾರೆ. ಅದರಲ್ಲೇ ಒಂದು ಕಡೆ ಅರಮನೆ ಹೆಂಗಸರ ವಿಷಯ ಬರುವಾಗ ಹೇಳ್ತಾನೆ, ಮಲ್ಲಯುದ್ಧ ಮಾಡೋ ಹೆಂಗಸರಿದ್ರು, ಬಾಗಿಲ ಒಳಗಿನ ಖರ್ಚೆಲ್ಲ ಬರೆದಿಡೋ ಹೆಂಗಸರಿದ್ರು, ರಾಜ್ಯದ ವ್ಯವಹಾರ ಬರೆದು ಹೊರಗಿನ ಬರಹಗಾರರ ಪುಸ್ತಕದ ಜೊತೆ ತಾಳೆ ನೋಡೋ ಹೆಂಗಸರೂ ಇದ್ರು ಅಂತ. ತಾಳೆ ನೋಡೋದು ಅಂದ್ರೆ ನಮ್ಮ ಆಡಿಟ್ ರೀ! ಓದಿದ್ದ ರಾತ್ರಿ ನಿದ್ದೆ ಬರಲಿಲ್ಲ. ಒಂದೇ ಪುಟದಲ್ಲಿ ಒಬ್ಬಳು ಜಟ್ಟಿ, ಒಬ್ಬಳು ಲೆಕ್ಕದವಳು ಪಕ್ಕಪಕ್ಕ ಕೂತಿದಾರೆ. ಜಟ್ಟಿ ಹುಡುಗಿಗೆ ಹೊನ್ನಿ ಅಂತ ಹೆಸರಿಟ್ಟೆ, ಲೆಕ್ಕದವಳಿಗೆ ಚೆನ್ನಕ್ಕ. ಇಬ್ರಿಗೂ ಹತ್ತೊಂಬತ್ತರ ಸುತ್ತಮುತ್ತ.

ಮೊದಲನೇ ಡ್ರಾಫ್ಟ್ ಹಾಳು. ಸುಮಾರು 280 ಪುಟ, ಅರ್ಧ ನಡುಗನ್ನಡ, ಎರಡು ಸಾಲಿಗೊಂದು "ಎಲೆ ಸಖಿಯೇ". ಕೊನೇಲಿ ಹೊನ್ನಿ ತುಂಗಭದ್ರೆಗೆ ಹಾರಿ ಸಾಯ್ತಾಳೆ. ಬರೆದು ನಾನೇ ಅತ್ತೆ, ಭಾರೀ ಚೆನ್ನಾಗಿದೆ ಅನ್ಕೊಂಡೆ. ಭಾನುವಾರ ನಮ್ಮನೇಲಿ ಒಂದಷ್ಟು ಪಿಯು ಮಕ್ಕಳು ಸೇರ್ತಿದ್ರು, ಆರೇಳು ಹುಡುಗೀರು ಎರಡು ಹುಡುಗ್ರು, ಓದಿ ಹೇಳೋದು, ಮಂಡಕ್ಕಿ ಮಿರ್ಚಿ ತಿನ್ನೋದು ಅಷ್ಟೇ. ಕೊನೇ ಅಧ್ಯಾಯ ಮುಗಿಸಿ ತಲೆ ಎತ್ತಿದ್ರೆ ಹಾಸ್ಟೆಲ್ ಹುಡುಗಿ ಒಬ್ಬಳು ಕೇಳಿದ್ಲು, "ಅಕ್ಕಾ, ಆಕಿ ಆನೆಗೊಂದಿಯಾಕಿ ಅಂತೀರಿ, ದಿನಾ ಹರಿಗೋಲದಾಗ ದಾಟ್ತಾಳ ಅಂತೀರಿ, ಆಕಿಗೆ ಈಸಾಕ ಬರಂಗಿಲ್ಲೇನ್ರಿ?" ಎಲ್ರೂ ನಕ್ಕರು. ನನಗೆ ಮೈ ಉರೀತು. ರಾತ್ರಿ ಯೋಚನೆ ಮಾಡಿದ್ರೆ ಅವಳು ಹೇಳಿದ್ದೇ ಸರಿ, ಹೊನ್ನಿ ಸತ್ತಿದ್ದು ಹೊಳೆಯಿಂದಲ್ಲ, ಇಂಥವರ ಕಥೆ ಮುಗಿಸೋ ದಾರಿ ನನಗೆ ಬೇರೆ ಗೊತ್ತಿರಲಿಲ್ಲ, ಅದಕ್ಕೆ. ಹರಿದು ಹಾಕ್ದೆ. ಸರಿ ಹರಿದು ಹಾಕಿಲ್ಲ, ಪೆನ್‌ಡ್ರೈವಲ್ಲಿದೆ.

ಅದೇ ಮಿರ್ಚಿ ತಿನ್ನುವಾಗಲೇ ಇನ್ನೊಬ್ಬ ಹುಡುಗ ಹಿಡಿದಿದ್ದು, ಮಹಾನವಮಿ ಅಂಗಡಿ ಸಾಲಲ್ಲಿ ನಾನು ಮೆಣಸಿನಕಾಯಿ ಬಜ್ಜಿ ಮಾರಿಸಿದ್ದೆ! ಮೆಣಸಿನಕಾಯಿ ಪೋರ್ಚುಗೀಸರ ಹಡಗಲ್ಲಿ ಅಮೆರಿಕಾ ಕಡೆಯಿಂದ ಬಂದಿದ್ದು, ನಮ್ಮ ಒಳನಾಡಲ್ಲಿ ಆಗಲೇ ಬಂಡಿ ಮೇಲೆ ಬಜ್ಜಿಯಾಗೋಷ್ಟು ಎಲ್ಲಿತ್ತು. ಎಲ್ಲ ತೆಗೆದು ಕಾಳುಮೆಣಸು ಮಾಡ್ದೆ. ಆಲೂಗಡ್ಡೆ, ಟೊಮೆಟೊನೂ ಹೋಯ್ತು. ನಿಮಿಷ ಹೋಗಿ ಗಳಿಗೆ ಬಂತು. ಪೈಲ್ವಾನ್, ಕುಸ್ತಿ ಎರಡೂ ಪಾರ್ಸಿ ಕಡೆ ಪದ, ಅವೂ ಹೋಗಿ ಜಟ್ಟಿ, ಮಲ್ಲಯುದ್ಧ ಉಳೀತು. ಗರಡಿ ಮಾತ್ರ ಬಿಡಲಿಲ್ಲ.

ಎರಡನೇ ಡ್ರಾಫ್ಟು ಒಬ್ಬ ಪ್ರಕಾಶಕರ ಹತ್ರ ಹೋಯ್ತು, ಹೆಸರು ಬೇಡ. 500 ಕಾಪಿಗೆ 60 ಸಾವಿರ ನಾನೇ ಕೊಡ್ಬೇಕು ಅಂದ್ರು, 25 ಅಡ್ವಾನ್ಸ್ ಕೊಟ್ಟೆ. ವರ್ಷದ ಮೇಲೆ ಎರಡು ತಿಂಗಳು ಸುದ್ದಿ ಇಲ್ಲ. 2018ರ ಸೆಪ್ಟೆಂಬರ್ 6ಕ್ಕೆ ಸಲಿಂಗ ಪ್ರೀತಿ ಅಪರಾಧ ಅಲ್ಲ ಅಂತ ಸುಪ್ರೀಂ ಕೋರ್ಟಿನ 377ರ ತೀರ್ಪು ಬಂತಲ್ಲ, ಅದೇ ವಾರ ಫೋನು, "ಮೇಡಂ ಈಗ ಟ್ರೆಂಡಲ್ಲಿದೆ, ಬೇಗ ಮಾಡೋಣ". ದೀಪಾವಳಿ ಹೊತ್ತಿಗೆ ಮತ್ತೆ ಫೋನು, ಹೊನ್ನಿನ ಹೊನ್ನಪ್ಪ ಮಾಡಕ್ಕಾಗತ್ತಾ, ಕಥೆ ಏನೂ ಬದಲಾಗಲ್ಲ ಅಂತ. ಅರಮನೆ ಒಳಗೆ ಗಂಡಸು ಹೆಂಗೆ ಬರ್ತಾನೆ ಸ್ವಾಮಿ ಅಂದ್ರೆ ಉತ್ತರ ಇಲ್ಲ. 25ರಲ್ಲಿ ವಾಪಸ್ ಬಂದಿದ್ದು 12, ಅದೂ ಮೂರು ಕಂತಲ್ಲಿ.

ಆಮೇಲೆ ಹೊಳೆದಿದ್ದು ಈ ಮೆಥಡ್ಡು. ಪ್ರೀತಿ ಬಗ್ಗೆ ಒಂದು ಸಾಲೂ ಬರೆಯಲ್ಲ, ಲೆಕ್ಕ ಮಾತ್ರ ಬರೀತೀನಿ ಅಂತ ತೀರ್ಮಾನ ಮಾಡ್ಬಿಟ್ಟೆ. ಪ್ರತಿ ಅಧ್ಯಾಯದ ತಲೇಲಿ ಚೆನ್ನಕ್ಕನ ಪುಸ್ತಕದ ಒಂದು ಸಾಲು. "ಗರಡಿಗೆ ಎಳ್ಳೆಣ್ಣೆ, ಹೊನ್ನಿಗೆ ಸೊಲಿಗೆ ಒಂದು." ಎರಡನೇ ಅಧ್ಯಾಯದಲ್ಲೂ ಒಂದು. ಮೂರರಲ್ಲಿ ಒಂದೂವರೆ. ಐದರ ಹೊತ್ತಿಗೆ ಎರಡು, ಉಳಿದ ಜಟ್ಟಿ ಹುಡುಗೀರಿಗೆಲ್ಲ ಇನ್ನೂ ಒಂದೇ! ಮಕ್ಕಳು ಮೂರನೇ ಅಧ್ಯಾಯದಲ್ಲೇ ಹಿಡಿದ್ರು, ಒಬ್ಬಳಂತೂ "ಅಯ್ಯೋ ಕೊಡ್ತಾವ್ಳೆ ಕೊಡ್ತಾವ್ಳೆ" ಅಂತ ಕಿರುಚಿದ್ಲು. ಎಣ್ಣೆ ಯೋಚನೆ ಬಂದಿದ್ದು ನ್ಯೂನಿಜ್‌ಗಿಂತ ಮುಂಚೆ ಬಂದಿದ್ದ ಇನ್ನೊಬ್ಬ ಪೋರ್ಚುಗೀಸ ಪೇಸ್ ಬರೆದಿದ್ದರಿಂದ, ಕೃಷ್ಣದೇವರಾಯ ಬೆಳಗಾಗೋ ಮುಂಚೆ ಎಳ್ಳೆಣ್ಣೆ ಕುಡಿದು ಮೈಗೆಲ್ಲ ಬಳ್ಕೊಂಡು, ಅದೆಲ್ಲ ಬೆವರಾಗಿ ಇಳಿಯೋ ತನಕ ಕತ್ತಿ ಬೀಸಿ ಆಮೇಲೆ ಜಟ್ಟಿ ಜೊತೆ ಹಿಡೀತಿದ್ದ ಅಂತ ಇದೆಯಲ್ಲ, ಅಲ್ಲಿಂದ. ಹಲ್ಲು ಮುರಿಯೋ, ಕಣ್ಣು ಹೋಗೋ ಅಂಥ ಏಟು ಬೀಳ್ತಿತ್ತು ಅಂತ ಬರೆದೋನೂ ಅವನೇ. ನನ್ನ ಏಳನೇ ಅಧ್ಯಾಯದಲ್ಲಿ ಹೊನ್ನಿದೊಂದು ಹಲ್ಲು ಹೋಗತ್ತೆ, ಆವತ್ತು ಲೆಕ್ಕದ ಸಾಲಲ್ಲಿ ಎಣ್ಣೆ ಇಲ್ಲ, "ಲವಂಗ ನಾಲ್ಕು" ಅಂತಷ್ಟೇ ಇದೆ. ಇಡೀ ಪುಸ್ತಕದಲ್ಲಿ ಜನ ನನಗೆ ಫೋನ್ ಮಾಡಿ ಹೇಳೋ ಸಾಲು ಅದೇ.

ಮತ್ತೆ ತಾಳೆ ನೋಡೋ ದಿನ ಬರಲೇಬೇಕಲ್ಲ. ಹೊರಗಿನವರ ಪುಸ್ತಕದಲ್ಲಿ ಉಗ್ರಾಣಕ್ಕೆ ಬಂದ ಎಣ್ಣೆ ಇಷ್ಟು, ಒಳಗಿನ ಪುಸ್ತಕದಲ್ಲಿ ಹಂಚಿದ್ದು ಇಷ್ಟು, ವ್ಯತ್ಯಾಸ ಎಲ್ಲಿ? ವಿಲನ್ನೂ ಬೇಕಿಲ್ಲ, ಚಾಡಿ ಹೇಳೋ ಅತ್ತಿಗೇನೂ ಬೇಕಿಲ್ಲ, ಲೆಕ್ಕಾನೇ ಸಿಕ್ಕಿಸತ್ತೆ. ಚೆನ್ನಕ್ಕ ಅದರಿಂದ ಹೆಂಗೆ ಬಚಾವಾಗ್ತಾಳೆ ಅನ್ನೋದನ್ನ ಹೇಳಲ್ಲ, ಒಂದು ನಿಜವಾದ ಲೆಕ್ಕದ ಚಳಕ ಇದೆ, ನಮ್ಮ ಸಂಘದಲ್ಲಿ ಯಾರೋ ಹಿಂದೆ ಮಾಡಿದ್ದು, ಹೇಳಿದ್ರೆ ಎರಡು ನಷ್ಟ, ಪುಸ್ತಕಾನೂ ಹೋಗತ್ತೆ ಕೆಲಸಾನೂ ಹೋಗತ್ತೆ.

ಇದರ ಮಧ್ಯೆ ಕಡತ, ಅಂದ್ರೆ ಹಳೇ ಕಾಲದ ಕಪ್ಪು ಬಳಿದ ಬಟ್ಟೆ ಪುಸ್ತಕ, ಮಾಡೋ ಹುಚ್ಚು ಹತ್ತಿತು. 1443ರಲ್ಲಿ ವಿಜಯನಗರಕ್ಕೆ ಬಂದಿದ್ದ ಪರ್ಷಿಯಾದ ರಾಯಭಾರಿ ಅಬ್ದುಲ್ ರಜಾಕ್ ಹೇಳ್ತಾನೆ, ಇಲ್ಲಿಯೋರು ಗರಿ ಮೇಲೆ ಕಂಟದಲ್ಲಿ, ಅಂದ್ರೆ ಕಬ್ಬಿಣದ ಮೊನೇಲಿ, ಬರೀತಾರೆ, ಇನ್ನೊಂದು ಕಪ್ಪು ಬಳಿದು ಅದರ ಮೇಲೆ ಮೆತ್ತನೆ ಕಲ್ಲಿನ ಕಡ್ಡೀಲಿ ಬೆಳ್ಳಗೆ ಬರೀತಾರೆ, ಈ ಎರಡನೇದು ಬಹಳ ದಿನ ಬಾಳತ್ತೆ ಅಂತ. ಅದು ನಮ್ಮ ಕಡತ, ಬಳಪ. ಬಾಳತ್ತೆ ಅಂದಿದ್ದು ನನಗೆ ತಲೆನೋವು, ನನ್ನ ಕಥೇಲಿ ಚೆನ್ನಕ್ಕ ಬರೆದಿದ್ದು ಒರೆಸಿ ಹೋಗ್ಬೇಕಿತ್ತು. ಸರಿ ನೋಡೇಬಿಡೋಣ ಅಂತ ಹುಣಸೆಬೀಜ ಹುರಿದು, ನೆನೆಸಿ, ಸಿಪ್ಪೆ ತೆಗೆದು, ರುಬ್ಬಿ ಕುದಿಸಿ ಅಂಟು ಮಾಡಿ, ಇದ್ದಿಲ ಪುಡಿ ಕಲಸಿ ದಪ್ಪ ಕಾಟನ್ ಬಟ್ಟೆಗೆ ಬಳಿದೆ. ಮೊದಲನೇದು ಆಷಾಢದಲ್ಲಿ ಮಾಡಿದ್ದು, ನಾಲ್ಕೇ ದಿನಕ್ಕೆ ಬೂಸ್ಟು ಹಿಡೀತು, ಅಡುಗೆಮನೆ ಎಲ್ಲ ಹುಳಿ ವಾಸನೆ, ನನ್ನ ಸ್ನೇಹಿತೆ ಎರಡು ದಿನ ಮಾತು ಬಿಟ್ಲು. (ನಾವಿಬ್ರೂ ಹನ್ನೊಂದು ವರ್ಷದಿಂದ ಒಂದೇ ಮನೇಲಿದೀವಿ, ಓನರ್ ಅಮ್ಮ ಅಕ್ಕ ತಂಗಿ ಅಂತಾರೆ, ನಾವೂ ತಿದ್ದಕ್ಕೆ ಹೋಗಿಲ್ಲ.) ಎರಡನೇದು ಬೇಸಿಗೇಲಿ, ಮಡಿಸಿದ ಕಡೆಯೆಲ್ಲ ಬಿರುಕು. ಮೂರನೇದು ಸರಿ ಬಂತು, ಅಂಟಿಗೆ ಒಂದು ವಸ್ತು ಸೇರಿಸ್ದೆ, ಅದು ಏನು ಅಂತ ಕೇಳ್ಬೇಡಿ. ಒಟ್ಟು ಆರುನೂರು ರೂಪಾಯಿ ಖರ್ಚಾಗಿರ್ಬೇಕು. ಗೊತ್ತಾಗಿದ್ದು ಏನಪ್ಪ ಅಂದ್ರೆ ಒಣ ಬಟ್ಟೇಲಿ ಒರೆಸಿದ್ರೆ ಅಕ್ಷರ ಮಸುಕಾಗತ್ತೆ, ಆದ್ರೂ ಓದಕ್ಕೆ ಬರತ್ತೆ. ಒದ್ದೆ ಕೈಲಿ ಒರೆಸಿದ್ರೆ ಪೂರ್ತಿ ಮಾಯ. ಅಷ್ಟೇ ಸಾಕಾಯ್ತು ನನಗೆ! ಗರಡಿಯಿಂದ ಬೆವರು ಸುರಿಸ್ಕೊಂಡು ಬಂದ ಹೊನ್ನಿ ಕಡತದ ಮೇಲೆ ಅಂಗೈ ಊರ್ತಾಳೆ, ತನ್ನ ಹೆಸರೇ ಒರೆಸಿ ಹೋಗತ್ತೆ, ಚೆನ್ನಕ್ಕನಿಗೆ ಸಿಟ್ಟು. ಅವರಿಬ್ರ ಮೊದಲ ಭೇಟಿ ಅದು. ಕುರ್ಚೀಲಿ ಕೂತು ಯೋಚನೆ ಮಾಡಿದ್ರೆ ಇದು ಸಾಯೋವರೆಗೂ ಹೊಳೀತಿರಲಿಲ್ಲ.

ಇನ್ನು ದುಡ್ಡು. ಲೆಕ್ಕದವಳಾಗಿ ನೆನಪಿಂದ ಹೇಳ್ತಿದೀನಿ, ಬೈಬೇಡಿ. ಇಡೀ ಪುಸ್ತಕ ಒಂದೇ ಸಲ ಹಾಕೋ ಧೈರ್ಯ ಇರಲಿಲ್ಲ, ಅದಕ್ಕೆ ಒಂಬತ್ತು ಕಂತು ಮಾಡ್ದೆ, 24 ಪುಟ, ನಡುವೆ ಎರಡು ಪಿನ್ನು, ಕಾಪಿಗೆ ಹನ್ನೊಂದು ರೂಪಾಯಿ ಬಿತ್ತು, ಇಪ್ಪತ್ತಕ್ಕೆ ಮಾರಿದ್ದು. ಮೊದಲನೇ ಕಂತು 300 ಹಾಕಿಸಿ 70 ಹೋಯ್ತು, ಅದರಲ್ಲೂ ಇಪ್ಪತ್ತು ನೆಂಟರು. ಇಪ್ಪತ್ತು ರೂಪಾಯಿ ಅಂದ್ರೆ ಹುಡುಗ್ರು ಅಪ್ಪನ್ನ ಕೇಳದೇ ಕೊಡೋ ದುಡ್ಡು, ತೆಳ್ಳಗಿರತ್ತೆ, ನೋಟ್ಸ್ ಒಳಗೆ ಇಟ್ಕೋಬೋದು, ಈ ಅಂದಾಜು ತಪ್ಪಾಗಲಿಲ್ಲ. ನಾಲ್ಕನೇ ಕಂತಿಗೆ ಹಳೇವೆಲ್ಲ ಖಾಲಿಯಾಗಿ ಮತ್ತೆ ಹಾಕಿಸ್ಬೇಕಾಯ್ತು. ಒಂದು ಕಾಲೇಜಲ್ಲಿ ಬ್ಯಾಗಲ್ಲಿ ಸಿಕ್ತು ಅಂತ ಹನ್ನೆರಡು ಕಾಪಿ ಕಿತ್ಕೊಂಡ್ರಂತೆ, ಮುಂದಿನ ವಾರ ಅದೇ ಕಾಲೇಜಿನ ಸ್ಟಾಫ್ ರೂಮಿಂದ ಐದನೇ ಕಂತು ಯಾವಾಗ ಅಂತ ವಿಚಾರಣೆ ಬಂತು.

ಪ್ರೆಸ್ಸಿನ ಕಥೆ ಇನ್ನೊಂದು. ನಾನು ಯೂನಿಕೋಡಲ್ಲಿ ಕೊಟ್ಟಿದ್ದು, ಅವರು ಪೇಜ್‌ಮೇಕರಿಗೆ ಹಳೇ ಫಾಂಟಿಗೆ ತಿರುಗಿಸಿದ್ರು, ಅರ್ಕಾವತ್ತೆಲ್ಲ ಕನ್ನಡದ ಒಂಬತ್ತಾಗಿ ಕೂತ್ಕೊಂತು. ಬೇರೆ ಪುಸ್ತಕ ಆಗಿದ್ರೆ ಓದ್ಕೊಂಡು ಹೋಗ್ತಿದ್ರು, ನಂದು ಲೆಕ್ಕದ ಪುಸ್ತಕ. "ಖರ್ಚು ೨" ಅಂತಿದ್ದಿದ್ದು "ಖಚು೯ ೨" ಆಯ್ತು. ಒಬ್ಬ ರಿಟೈರ್ಡ್ ಮೇಷ್ಟ್ರು ಫೋನ್ ಮಾಡಿ, "ಏನಮ್ಮಾ ಒಂದು ಹುಡುಗಿಗೆ 92 ಸೊಲಿಗೆ ಎಣ್ಣೆನಾ, ಪ್ರೀತಿ ಸರಿ, ಮಿತಿ ಬೇಡ್ವಾ" ಅಂದ್ರು. ಎರಡನೇ ಕಂತಿನ ಅಷ್ಟೂ ಕಾಪಿ ಕೂತು ಪೆನ್ನಲ್ಲಿ ತಿದ್ದಿದೀವಿ, ಆಮೇಲಿಂದ ಲೆಕ್ಕದ ಸಾಲಲ್ಲಿ ಅಂಕಿ ಬರೆಯೋದೇ ಬಿಟ್ಟು ಅಕ್ಷರದಲ್ಲೇ ಬರೆದೆ.

ಒಟ್ಟು ಪುಸ್ತಕ ಮಾಡುವಾಗ ಎರಡು ಬಳೆ ಅಡ ಇಟ್ಟೆ, ನಮ್ಮ ಸಂಘದಲ್ಲೇ, ಅರ್ಜಿ ಬರೆದೋಳೂ ನಾನೇ ಎಂಟ್ರಿ ಹಾಕಿದೋಳೂ ನಾನೇ. ಸಾವಿರ ಕಾಪಿ, 70 ಜಿಎಸ್‌ಎಂ ಪೇಪರ್, ಮ್ಯಾಟ್ ಲ್ಯಾಮಿನೇಷನ್, ಎಲ್ಲ ಸೇರಿ ಒಂದು ಲಕ್ಷದ ಮೇಲೆ ಐದಾರು ಸಾವಿರ. ಬೆಲೆ 240. ಅಂಗಡಿಯೋರು ನಲವತ್ತು ಪರ್ಸೆಂಟ್ ಕೇಳಿದ್ರು, ಅದಕ್ಕೆ ಅವರಿಗೆ ಇನ್ನೂರೋ ಎಷ್ಟೋ ಕಾಪಿ ಕೊಟ್ಟು ಉಳಿದಿದ್ದು ವಾಟ್ಸಾಪಲ್ಲೇ ಮಾರ್ದೆ. ಆಗ ಬುಕ್ ಪೋಸ್ಟ್ ಇನ್ನೂ ಸಸ್ತಾ ಇತ್ತು, ಅದೂ ಒಂದು ಅದೃಷ್ಟ. ಗ್ರಂಥಾಲಯ ಇಲಾಖೆಯ ಸಗಟು ಖರೀದಿಗೆ ಅರ್ಜಿ ಹಾಕಿದ್ದೆ, ಆಗಲಿಲ್ಲ, ಕಾರಣ ತಿಳಿಸಲಿಲ್ಲ. ಎಲ್ಲ ಕಳೆದು ಕೈಗೆ ಬಂದಿದ್ದು ಮೂವತ್ತೆಂಟು ಸಾವಿರದ ಹತ್ರ, ಪ್ರಕಾಶಕರು ತಿಂದ ಹದಿಮೂರನ್ನ ಕಳೆದರೆ ಇಪ್ಪತ್ತೈದು. ನನ್ನ ರಾತ್ರಿಗಳನ್ನ ಖರ್ಚಿಗೆ ಹಾಕಿಲ್ಲ.

ಪ್ರೂಫ್ ಎಲ್ಲಿದೆ ಅಂತ ಕೇಳೋರಿಗೆ ಒಂದು ಮಾತು. ಇಂಥ ಇಬ್ರು ಪ್ರೀತಿಸಿದ್ರು ಅನ್ನೋದಕ್ಕೆ ಪ್ರೂಫ್ ಇಲ್ಲ, ನಾನು ಇದೆ ಅಂತ ಹೇಳೂ ಇಲ್ಲ. ರಾಜಕುಮಾರಿ ಉಪ್ಪರಿಗೆ ಮೇಲೆ ನಿಂತು ದಂಡನಾಯಕನ್ನ ನೋಡಿ ನಾಚ್ಕೊಂಡ್ಲು ಅನ್ನೋದಕ್ಕೂ ಯಾವ ಶಾಸನಾನೂ ಇಲ್ವಲ್ಲ, ಅಲ್ಲಿ ಯಾರೂ ಕೇಳಲ್ಲ. ಆದ್ರೂ ಪುಸ್ತಕದ ಕೊನೇಲಿ ಒಂದು ಪುಟ ಹಾಕಿದೀನಿ, ನ್ಯೂನಿಜ್ ಹೇಳಿದ್ದು ಇಷ್ಟು, ಪೇಸ್ ಹೇಳಿದ್ದು ಇಷ್ಟು, ರಜಾಕ್ ಹೇಳಿದ್ದು ಇಷ್ಟು, ಉಳಿದಿದ್ದು ನಂದು ಅಂತ. ಮಕ್ಕಳು ಆ ಪುಟ ಓದ್ತಾರೆ, ದೊಡ್ಡೋರು ಓದಲ್ಲ. ಸಲಿಂಗ ಅನ್ನೋ ಪದ ಪುಸ್ತಕದಲ್ಲಿ ಎಲ್ಲೂ ಇಲ್ಲ, ಹೊನ್ನಿ ಬಾಯಲ್ಲಿ ಅದು ಕೂರಲ್ಲ. ಇದಕ್ಕೆ ಬೆಂಗಳೂರಿನ ಗೆಳೆಯರು ಇಬ್ರು ಬೇಜಾರು ಮಾಡ್ಕೊಂಡ್ರು, ಮುಚ್ಚಿಟ್ಟಂಗೆ ಆಗತ್ತೆ ಅಂದ್ರು. ಹಿಂಬದಿ ರಕ್ಷಾಪುಟದಲ್ಲಿ "ಇಬ್ಬರು ಹುಡುಗಿಯರ ಪ್ರೇಮಕಥೆ" ಅಂತ ದಪ್ಪಕ್ಷರದಲ್ಲಿ ಹಾಕಿದೀನಲ್ಲಪ್ಪ, ಇನ್ನೇನು ಮುಚ್ಚಿಟ್ಟೆ.

ಬಳೆ ಬಿಡಿಸ್ಕೊಂಡು ಆಯ್ತು. ಈಗ 1898ರ ಬೆಂಗಳೂರು ಪ್ಲೇಗು ಹಿಡ್ಕೊಂಡಿದೀನಿ, ಇಬ್ರು ಹುಡುಗ್ರು, ಊರು ಬಿಟ್ಟು ಶೆಡ್ಡಲ್ಲಿರೋ ಕಾಲ. ಇಲಿ ಸಿಕ್ತು, ಶೆಡ್ಡು ಸಿಕ್ತು, ಹೆಸರೂ ಸಿಕ್ತು. ಆ ಕಥೇಲಿ ಲೆಕ್ಕ ಯಾರು ಬರೀತಾರೆ, ಏನರ ಲೆಕ್ಕ ಅನ್ನೋದೇ ಇನ್ನೂ ಸಿಕ್ಕಿಲ್ಲ, ಅದು ಸಿಗೋ ತನಕ ಬಳೆ ಕೈಯಲ್ಲೇ ಇರಲಿ ಅಂದಿದಾಳೆ ನನ್ನ ಸ್ನೇಹಿತೆ.